ಅಕ್ಕಿ ಎಂದು ಅಚ್ಚಾದ ಹಕ್ಕಿ

ಮೊಮ್ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಕೆ.ಆರ್. ನಗರಕ್ಕೆ ಹೋಗಿದ್ದೆ. ಗಂಡಿನ ಕಡೆಯವರು ಆ ಊರಿನವರು, ತಮಗೆ ಗುರುತಿನ ಪ್ರೆಸ್ಸು ಅಂತ ಅಲ್ಲಿಗೇ ಕಳಿಸಿದ್ದರು. ಒಳಗೆ ಕಾಲಿಟ್ಟ ಕೂಡಲೇ ಮಸಿ ಮತ್ತು ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಹೊಡೆಯಿತು. ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ, ಇದೇ ವಾಸನೆಯ ಮಧ್ಯೆ ನಿಂತು ನಾನು ಬೆವತಿದ್ದೆ.

ಪ್ರೆಸ್ಸಿನವನು ನಮ್ಮ ಚೀಟಿ ನೋಡಿ ಕಿವಿಯ ಮೇಲಿನ ಪೆನ್ಸಿಲು ತೆಗೆದ. “ಅಜ್ಜಿ, ತಾತನ ಎಸ್ರು ಅಕ್ಕಿ ನಂಜಣ್ಣ ಅಂತ ಬರ್ದವ್ರೆ. ಅಕ್ಕಿ ಅಂದ್ರೆ ಉಣ್ಣೋದಾ, ಆರೋದಾ? ಅಕ್ಷರ ಯಾವ್ದು ಹಾಕ್ಲಿ?”

ನಾನು ಅವನ ಮುಖವನ್ನೇ ನೋಡಿದೆ. ಇಷ್ಟು ಸಣ್ಣ ಪ್ರಶ್ನೆ. ಆ ವರ್ಷ ಪೇಪರಿನವರಲ್ಲಿ ಒಬ್ಬನಾದರೂ ಇದನ್ನು ಕೇಳಿದ್ದರೆ ನನ್ನ ಗಂಡನ ಕೆಲಸ ಉಳಿಯುತ್ತಿತ್ತು.

ಅದು ಕಂಟ್ರೋಲಿನ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಡಿಪೋದಲ್ಲಿ, ಕಾರ್ಡಿಗೆ ಇಷ್ಟು ಎಂದು ಅಳೆದು ಕೊಡುವುದು. ಹಂಪಾಪುರದ ಡಿಪೋದಲ್ಲಿ ನಮ್ಮೆಜಮಾನರು ತೂಕ ಮಾಡುವವರು. ಸುತ್ತಲ ಹತ್ತಾರು ಹಳ್ಳಿಯವರು ಅವರ ತಕ್ಕಡಿ ಮುಂದೆ ಸಾಲು ನಿಲ್ಲುತ್ತಿದ್ದರು. ಡಿಪೋ ಬಾಗಿಲು ಹಾಕಿ ಬಂದ ಮೇಲೆ ಅವರಿಗೆ ಒಂದೇ ಹುಚ್ಚು, ಗೌಜಲ. ಕೋಳಿಗಿಂತ ಚಿಕ್ಕದು, ಬೂದು ಬಣ್ಣ, ಹೊಲದ ಬದುವಿನಲ್ಲಿ ಓಡಾಡುತ್ತದೆ, ಕೂಗಿದರೆ ಮೂರು ಹೊಲದಾಚೆ ಕೇಳುತ್ತದೆ. ಮನೆಯ ಹಿಂದೆ ಬಿದಿರಿನ ಗೂಡು ಕಟ್ಟಿ ಸಾಕುತ್ತಿದ್ದರು, ಕೇಳಿದವರಿಗೆ ಮಾರುತ್ತಿದ್ದರು. ಅದಕ್ಕೇ ಊರಿನವರು ಅವರನ್ನು ಅಕ್ಕಿ ನಂಜಣ್ಣ ಎನ್ನುತ್ತಿದ್ದರು. ಹಾಗೆ ಕರೆದರೆ ಇವರಿಗೆ ಹಿಗ್ಗು.

ನಮ್ಮ ಕಡೆ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಉಣ್ಣುವ ಅಕ್ಕಿಯೂ ಅಕ್ಕಿಯೇ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಎದುರಿಗೆ ಮೂಟೆ ಇದೆಯೋ ಗೂಡು ಇದೆಯೋ ನೋಡಿದರೆ ತಿಳಿಯುತ್ತಿತ್ತು.

ಗೌಜಲ ಕೊಳ್ಳುವವರಲ್ಲಿ ಬಾವಲಿ ಗಡಿಯಾಚೆಯ ಮಲೆಯಾಳದವರೂ ಇದ್ದರು. ವ್ಯಾಪಾರಕ್ಕೆಂದು ಮೈಸೂರಿಗೆ ಹೋಗಿಬರುವಾಗ ನಮ್ಮಲ್ಲಿ ಇಳಿದು, ಗೂಡಿಗೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದರು. ಗಡಿ ದಾಟಿಸಿ ಉಣ್ಣುವ ಅಕ್ಕಿ ಸಾಗಿಸಿದರೆ ಆಗ ಜೈಲು. ಗೌಜಲಕ್ಕೆ ಯಾವ ಕಂಟ್ರೋಲೂ ಇರಲಿಲ್ಲ.

ಪುನರ್ವಸು ಮಳೆ ಜಿನುಗುತ್ತಿದ್ದ ಒಂದು ಮಧ್ಯಾಹ್ನ ಶ್ರೀಕಂಠಯ್ಯ ಬಂದರು. ಹುಣಸೂರಿನಿಂದ ವಾರಕ್ಕೊಂದು ಸಲ ಬರುತ್ತಿದ್ದ ಪೇಪರಿಗೆ ಯಜಮಾನರೂ ಅವರೇ, ಬರೆಯುವವರೂ ಅವರೇ. ಆ ಪೇಪರಿನ ಹೆಸರು ಹೇಳುವುದಿಲ್ಲ, ಈಗ ಅದು ಇಲ್ಲ. ಕೆಟ್ಟ ಪೇಪರೆಂದು ನಾನು ಅನ್ನಲಾರೆ. ಬೇರೊಂದು ಕಡೆ ಡಿಪೋದಲ್ಲಿ ಕಲ್ಲು ಬೆರೆಸುತ್ತಿದ್ದುದನ್ನು ಅವರೇ ಬರೆದು ನಿಲ್ಲಿಸಿದ್ದರು. ಆ ಉಪಕಾರವನ್ನು ಮೇಲಿಂದ ಮೇಲೆ ಎಲ್ಲರೂ ನನಗೆ ನೆನಪು ಮಾಡಿದರು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಶ್ರೀಕಂಠಯ್ಯ ಛತ್ರಿ ಮಡಿಸಿ ಹಿತ್ತಲಿಗೇ ಬಂದರು. ನಾನು ಗೂಡಿಗೆ ರಾಗಿ ಹಾಕುತ್ತಿದ್ದೆ.

“ನಂಜಣ್ಣ ಇಲ್ಲವೇನಮ್ಮ?”

“ಡಿಪೋದಾಗವ್ರೆ ಸ್ವಾಮಿ. ಬೈಗಾಯ್ತದೆ ಬರೋದು.”

“ಮಲೆಯಾಳದವರು ನಿಮ್ಮ ಮನೆಗೆ ಬಂದು ಹೋಗುತ್ತಾರಂತೆ?”

“ಬತ್ತಾರೆ. ಅಕ್ಕಿ ತಕ್ಕೊಂಡೋಗಾಕೆ ಬತ್ತಾರೆ.”

“ಬಹಳ ದಿನದಿಂದ ಮಾರುತ್ತಿದ್ದೀರೋ?”

“ನಾನು ಮದ್ವೆಯಾಗಿ ಬಂದಾಗ್ಲಿಂದ್ಲೂ ನೋಡ್ತಾವ್ನಿ. ನಮ್ಮನೆಯೋರು ಒಳ್ಳೆ ಅಕ್ಕಿನೇ ಕೊಡಾದು. ಬ್ಯಾರೆಯೋರಂಗೆ ಮೋಸ ಮಾಡಾಕಿಲ್ಲ.”

ಅವರು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ದೊಡ್ಡ ಗೂಡಿನ ಗೌಜಲ ಕಿಟ್ರೀ ಕಿಟ್ರೀ ಎಂದು ಅರಚಿತು. ಶ್ರೀಕಂಠಯ್ಯ ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಇದನ್ನು ನಾನು ಕಣ್ಣಾರೆ ಕಂಡೆ. ಇಂದಿಗೂ ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಮುಂದಿನ ವಾರದ ಪೇಪರು ಬಸ್ಸಿನಲ್ಲಿ ಬಂತು. ಊರಿಗೆ ಬರುತ್ತಿದ್ದುದು ಒಂದೇ ಒಂದು, ಸುಬ್ಬಣ್ಣನ ಹೋಟೆಲಿಗೆ. ಸುಬ್ಬಣ್ಣ ಗಲ್ಲಾದಲ್ಲಿ ಕೂತು ಗಟ್ಟಿಯಾಗಿ ಓದುವುದು, ಬೆಂಚಿನವರು ಕೇಳುವುದು. ನಮ್ಮೂರಿನಲ್ಲಿ ಪೇಪರು ಎಂದರೆ ಕಣ್ಣಿನದಲ್ಲ, ಕಿವಿಯದು. ನಾನು ಬಾವಿಯಿಂದ ಬರುತ್ತಿದ್ದೆ. ನನ್ನನ್ನು ಕಂಡು ಸುಬ್ಬಣ್ಣ ಓದು ನಿಲ್ಲಿಸಿದ.

“ಯಾಕಣ್ಣ ನಿಲ್ಸ್‌ಬುಟ್ಟೆ?”

“ಏನಿಲ್ಲ ಬುಡು ತಾಯಮ್ಮ.”

“ಓದು. ನನ್ಗೂ ಕಿವಿ ಅವೆ.”

ಓದಿದ. ‘ಗಡಿ ದಾಟುವ ಡಿಪೋ ಅಕ್ಕಿ, ತೂಕದವನ ಹೆಂಡತಿಯ ಬಾಯಿಂದಲೇ ನಿಜ’ ಎಂದು ತಲೆಬರಹ. ಮೊದಲ ಪುಟದಲ್ಲಿ, ಬೆರಳುದ್ದದ ಅಕ್ಷರದಲ್ಲಿ. ಒಳಗೆ ನನ್ನ ಮಾತುಗಳೇ ಇದ್ದವು, ಒಂದೂ ಹೆಚ್ಚು ಕಡಿಮೆ ಇಲ್ಲದೆ. ಗೂಡಿನ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಬೆಂಚಿನವರು ಮೊದಲು ನಕ್ಕರು. “ಎಲಾ ಇವ್ನ, ನಂಜಣ್ಣನ ಗೌಜಲನ್ನ ಬೇಯ್ಸಿ ಅನ್ನ ಮಾಡವ್ನಲ್ಲಾ” ಎಂದ ಒಬ್ಬ. ಆದರೆ ಅಚ್ಚಾದ ಮಾತಿಗೆ ಏನೋ ಒಂದು ಶಕ್ತಿ ಇರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ನಕ್ಕವನೇ, “ಗೂಡಿನ ತಳದಾಗೆ ಒಂದೆಲ್ಡು ಸೇರು ಓದ್ರೆ ಯಾರ್ಗೆ ಗೊತ್ತಾಯ್ತದೆ” ಎಂದನಂತೆ. ಕೋಟೆ, ಸರಗೂರಿನಂಥ ಬೇರೆ ಊರಿನವರಿಗಂತೂ ನಮ್ಮ ಹಿತ್ತಲು ಗೊತ್ತಿಲ್ಲ. ಅವರಿಗೆ ಅಕ್ಕಿ ಎಂದರೆ ಅಕ್ಕಿ.

ಕಂದಾಯದ ಶೇಕದಾರರು ಬಂದು ಡಿಪೋದ ಮೂಟೆ ಎಣಿಸಿದರು, ತೂಗಿಸಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೂ ನಮ್ಮವರನ್ನು ತಕ್ಕಡಿಯಿಂದ ಇಳಿಸಿದರು.

“ಅಮಲ್ದಾರರ ಕೈಗೆ ಪೇಪರು ಸೇರಿದೆ ನಂಜಣ್ಣ. ನಾನೇನು ಮಾಡ್ಲಿ? ಬರೆದೋರೇ ತಪ್ಪಾಯ್ತು ಅಂತ ಬರೀಲಿ. ಅದನ್ನ ಲಗತ್ತು ಮಾಡಿ ಮೇಲಕ್ಕೆ ಕಳಿಸ್ತೀನಿ. ಮಾರನೇ ದಿನ ನೀನು ತಕ್ಕಡಿ ಹಿಡಿ.”

ಒಳ್ಳೆಯ ಮಾತು. ಬರೆದವರಿಂದ ಒಂದು ಮಾತು ಬಂದರೆ ಕೆಲಸ ವಾಪಸ್ಸು. ಮನೆಗೆ ಬಂದು ನಮ್ಮವರು ನನ್ನನ್ನು ಬೈಯಲಿಲ್ಲ. “ನೀನೇನು ಸುಳ್ಳು ಯೇಳಿಲ್ಲ ಬುಡು” ಎಂದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಶಾಲೆಯ ಪುಟ್ಟಸ್ವಾಮಿ ಮೇಷ್ಟ್ರು ನಮಗೆ ದಾರಿ ತೋರಿಸಿದರು. ಜಿಲ್ಲೆಯ ಪೇಪರಿನವರೆಲ್ಲ ಸೇರಿ ನಡತೆ ಸಮಿತಿ ಅಂತ ಒಂದು ಮಾಡಿಕೊಂಡಿದ್ದಾರೆ, ಪೇಪರಿನಲ್ಲಿ ತಪ್ಪು ಬಂದರೆ ಅಲ್ಲಿಗೆ ಅರ್ಜಿ ಹಾಕಬಹುದು ಎಂದರು.

“ಅದ್ರಲ್ಲಿ ಕೂರೋರು ಯಾರು ಮೇಷ್ಟ್ರೇ?” ಎಂದೆ.

“ಪೇಪರಿನವರೇ ಕಣಮ್ಮ. ಅವರ ತಪ್ಪನ್ನ ಅವರೇ ತಿದ್ದಿಕೊಳ್ಳೋದು.”

“ಕಳ್ಳನ್ನ ಅವ್ನ ಭಾವಮೈದ ಇಚಾರ್ಸ್‌ದಂಗೆ?”

“ಹಂಗನ್ನಬೇಡ. ಸರ್ಕಾರ ಕೈ ಹಾಕಿದರೆ ಪೇಪರಿನವರು ಬಾಯೇ ಬಿಡೋದಿಲ್ಲ. ಆಮೇಲೆ ಡಿಪೋದಲ್ಲಿ ಕಲ್ಲು ಬೆರೆಸಿದ್ದನ್ನ ಯಾರು ಬರೀತಾರೆ?”

ಅದೂ ದಿಟವೇ. ಮೇಷ್ಟ್ರು ಅರ್ಜಿ ಬರೆದರು, ನಾನು ಹೆಬ್ಬೆಟ್ಟು ಒತ್ತಲಿಲ್ಲ, ಎರಡನೇ ಕ್ಲಾಸಿನವರೆಗೆ ಓದಿದ್ದೆ, ಹೆಸರು ಬರೆದೆ. ಮಖೆ ಮಳೆಯ ವಾರದಲ್ಲಿ ಕೆ.ಆರ್. ನಗರಕ್ಕೆ ಬರಬೇಕೆಂದು ಕಾಗದ ಬಂತು.

ಅಲ್ಲಿಯವರೆಗೆ ಹದಿನೈದು ದಿನ ಮೇಷ್ಟ್ರು ನನಗೆ ‘ಹ’ ಕಲಿಸಿದರು. “ದೊಡ್ಡೋರ ಮುಂದೆ ಅಕ್ಕಿ ಅಂದುಬಿಟ್ಟೀಯ ತಾಯಮ್ಮ. ಹೊಟ್ಟೆಯಿಂದ ಉಸಿರು ಎಳೆದು ಬಿಡು. ಹಕ್ಕಿ.” ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಹಕ್ಕಿ, ಹಕ್ಕಿ ಎಂದು ಅಭ್ಯಾಸ ಮಾಡಿದೆ. ಪಕ್ಕದ ಸಾಲಿನ ನಿಂಗವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಇದ್ಯಾಕೆ ತಾಯಮ್ಮ, ಅಸಿ ಸೌದೆ ಒಲೆ ಊದ್ದಂಗೆ ಊದ್ತಾ ಇದ್ದೀಯ?” ಕಳೆ ಕೀಳುವವರೆಲ್ಲ ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರಲಿಲ್ಲ. ನನ್ನ ಬಾಯಿಂದ ಹೋದ ಕೆಲಸ ನನ್ನ ಬಾಯಿಂದಲೇ ಬರಬೇಕಿತ್ತು.

ಮೈಸೂರಿಗೆ ಬಸ್ಸು, ಅಲ್ಲಿಂದ ರೈಲು. ಮೇಷ್ಟ್ರೂ ರಜಾ ಹಾಕಿ ಬಂದರು. ನಮ್ಮೆಜಮಾನರು ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುವ ಗೌಜಲವನ್ನು ಗೂಡಿನ ಸಮೇತ ಬಟ್ಟೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ಅಕ್ಕಿನೇ ಸಾಕ್ಸಿ ಯೇಳ್ಲಿ” ಎಂದು ನಕ್ಕರು. ಆ ಮಳೆಗಾಲದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಸಮಿತಿ ಸೇರಿದ್ದು ಒಂದು ಪ್ರೆಸ್ಸಿನಲ್ಲಿ. ಕಾಲಲ್ಲಿ ತುಳಿಯುವ ಅಚ್ಚಿನ ಮೆಷಿನ್ನು ಒಂದು ಕಡೆ ದಡಬಡ ಎನ್ನುತ್ತಿತ್ತು. ಮಸಿ, ಸೀಮೆಎಣ್ಣೆ ವಾಸನೆ. ನಾಲ್ಕು ಜನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನ್ಯಾಯ ಹೇಳುವವರು ಮೂವರು ಎಂದು ಮೇಷ್ಟ್ರು ಹೇಳಿದ್ದರಲ್ಲ, ನಾಲ್ಕನೆಯವರು ಯಾರು ಎಂದು ನೋಡಿದೆ. ಶ್ರೀಕಂಠಯ್ಯ. ಅವರ ಪೇಪರು ಅಚ್ಚಾಗುವ ಪ್ರೆಸ್ಸಿನ ಯಜಮಾನರು ಆ ಮೂವರಲ್ಲಿ ಒಬ್ಬರು ಎಂದು ಮೇಷ್ಟ್ರು ಕಿವಿಯಲ್ಲಿ ಹೇಳಿದರು. ಸಮಿತಿಯವರು ನಮಗೆ ಕೂರಲು ಕಾಗದದ ಕಟ್ಟು ತೋರಿಸಿದರು. ನಾನು ನಿಂತೇ ಇದ್ದೆ.

ಜರಿಪೇಟದ ಅಧ್ಯಕ್ಷರು “ಹೇಳಮ್ಮ” ಎಂದರು.

ಹೊಟ್ಟೆಯಿಂದ ಉಸಿರು ಎಳೆದುಕೊಂಡೆ. “ಸ್ವಾಮಿ, ನಮ್ಮನೆಯೋರು ಮಾರಾದು ಹಕ್ಕಿ. ಗೂಡಿನಾಗಿರೋ ಹಕ್ಕಿ. ಡಿಪೋ ಹಕ್ಕಿ ಒಂದ್ ಕಾಳೂ ಮುಟ್ಟಿಲ್ಲ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಗಲೇ ನನಗೆ ತಿಳಿದದ್ದು. ಹದಿನೈದು ದಿನ ‘ಹ’ ಹಚ್ಚಿಕೊಂಡ ನಾಲಿಗೆ ನಿಲ್ಲಬೇಕಾದ ಕಡೆ ನಿಂತಿರಲಿಲ್ಲ. ಡಿಪೋದ ಅಕ್ಕಿಗೂ ‘ಹ’ ಮೆತ್ತಿಬಿಟ್ಟಿದ್ದೆ.

ಶ್ರೀಕಂಠಯ್ಯ ಲೋಟ ಕೆಳಗಿಟ್ಟರು. “ಕೇಳಿದಿರಲ್ಲ? ಡಿಪೋದಲ್ಲೂ ಹಕ್ಕಿಯೇ ಇದೆಯಂತೆ.”

ಎಲ್ಲರೂ ನಕ್ಕರು. ಮೆಷಿನ್ನು ತುಳಿಯುವವನೂ ನಕ್ಕ.

“ನೀವು ಗೂಡಿನ ಪಕ್ಕದಾಗೇ ನಿಂತಿದ್ರಲ್ಲ ಸ್ವಾಮಿ” ಎಂದೆ. “ಅದು ಕೂಗ್ದಾಗ ಕಿವಿ ಮುಚ್ಕೊಂಡ್ರಲ್ಲ. ಮೂಟೆ ಕೂಗ್ತದಾ?”

“ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದೇನೆ” ಎಂದು ಅಧ್ಯಕ್ಷರ ಕಡೆಗೆ ಪುಸ್ತಕ ಚಾಚಿದರು. ಅದೇನು ಸುಳ್ಳಲ್ಲ. ಅಕ್ಷರ ಬಿಟ್ಟವಳು ನಾನು. ಅವರು ಬಿಟ್ಟದ್ದು ಗೂಡನ್ನು.

ಆಗ ನಮ್ಮವರ ಕೈಯ ಗೂಡಿನಿಂದ ಗೌಜಲ ಕಿಟ್ರೀ ಎಂದು ಇಡೀ ಪ್ರೆಸ್ಸು ಅದುರುವಂತೆ ಕೂಗಿತು. ನಮ್ಮವರು ಬಟ್ಟೆ ತೆಗೆಯಲು ಕೈ ಹಾಕಿದರು.

“ಏನಯ್ಯ ಅದು, ಇಲ್ಲಿಗೆ ತಂದಿದ್ದೀಯ? ಹೊರಗಿಡು” ಎಂದರು ಅಧ್ಯಕ್ಷರು.

ನಮ್ಮವರು ಗೂಡು ಎತ್ತಿಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಮತ್ತೆ ಒಳಗೆ ಬರಲಿಲ್ಲ.

ತೀರ್ಮಾನಕ್ಕೆ ಕಾಫಿ ಲೋಟ ಎತ್ತುವಷ್ಟು ಹೊತ್ತೂ ಹಿಡಿಯಲಿಲ್ಲ. ಅರ್ಜಿದಾರಳ ಬಾಯಲ್ಲಿ ಎರಡು ಪದವೂ ಬೇರೆ ಬೇರೆಯಾಗಿ ಬರುವುದಿಲ್ಲ, ಆದ್ದರಿಂದ ಬರೆದವರಲ್ಲಿ ಕೆಟ್ಟ ಉದ್ದೇಶ ಕಾಣುವುದಿಲ್ಲ, ಆದರೂ ದೊಡ್ಡ ಮನಸ್ಸು ಮಾಡಿ ಒಂದು ತಿದ್ದುಪಡಿ ಹಾಕತಕ್ಕದ್ದು. ಮೇಷ್ಟ್ರಿಗೆ ಸಿಟ್ಟು ಬಂತು. “ಮೊದಲ ಪುಟದಲ್ಲಿ ಮಾಡಿದ ತಪ್ಪನ್ನು ಮೊದಲ ಪುಟದಲ್ಲೇ ಒಪ್ಪಿಕೊಳ್ಳಬೇಕಲ್ಲವೇ ಸ್ವಾಮಿ? ನಂಜಣ್ಣನ ಹೆಸರು ಹಾಕಿ?”

“ಇದೇನು ಕೋರ್ಟಲ್ಲ ಮೇಷ್ಟ್ರೇ. ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಅನ್ನೋದು ಅವರ ವಿವೇಕಕ್ಕೆ ಬಿಟ್ಟದ್ದು. ನಮ್ಮವರನ್ನು ನಾವು ಸೌಮ್ಯವಾಗಿಯೇ ತಿದ್ದಬೇಕು.”

ರೈಲಿನಲ್ಲಿ ವಾಪಸ್ಸು ಬರುವಾಗ ನಮ್ಮವರು ಒಂದು ಮಾತು ಆಡಿದರು. “ನಾನು ತೂಗುವಾಗ ಎದ್ರಿಗೆ ತಕ್ಕೊಳ್ಳೋನು ನಿಂತಿರ್ತಾನೆ, ಮುಳ್ಳು ನೋಡ್ತಾನೆ. ವರ್ಸಕ್ಕೊಂದ್ಸಲ ಸರ್ಕಾರದೋನು ಬಂದು ಕಲ್ಲಿಗೆ ಮೊಹ್ರು ಒತ್ತೋಯ್ತಾನೆ. ಇವ್ರ ತಕ್ಕಡಿಗೆ ಯಾರೂ ಇಲ್ವಲ್ಲ ತಾಯಮ್ಮ.”

ಮೂರು ವಾರ ಏನೂ ಬರಲಿಲ್ಲ. ಹುಬ್ಬೆ ಮಳೆ ಹೋಗುವ ಹೊತ್ತಿಗೆ ಬಂತು. ಕಡೇ ಪುಟ, ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತಿನ ಕೆಳಗೆ, ಯಾರದೋ ಎತ್ತು ಕಳೆದುಹೋಗಿದೆ ಎಂಬುದರ ಮೇಲೆ. ಒಂದೇ ಸಾಲು: ‘ಹಿಂದಿನ ಸಂಚಿಕೆಯೊಂದರಲ್ಲಿ ಅಕ್ಕಿ ಎಂದಿರುವುದನ್ನು ಹಕ್ಕಿ ಎಂದು ಓದಿಕೊಳ್ಳಬೇಕು.’ ಹೆಸರಿಲ್ಲ, ಊರಿಲ್ಲ. ಆದರೂ ‘ಹ’ ಇತ್ತು. ನಾನು ಮೇಷ್ಟ್ರ ಕೈಲಿ ತೋರಿಸಿಕೊಂಡು, ಅದರ ಮೇಲೆ ಬೆರಳಿಟ್ಟು ನೋಡಿದೆ. ಇಷ್ಟಾದರೂ ಸಿಕ್ಕಿತು, ಊರಿನವರು ಕೇಳಲಿ ಎಂದು ನಾನೇ ಬೆಂಚಿಗೆ ಜನ ಕೂಡಿಸಿದೆ. ನಿಂಗವ್ವ, ಅವಳ ಅತ್ತೆ, ಕಳೆ ಕೀಳುವ ಹೆಂಗಸರನ್ನೆಲ್ಲ ಹೋಟೆಲಿನ ಮುಂದೆ ನಿಲ್ಲಿಸಿದೆ. ಸುಬ್ಬಣ್ಣ ಕನ್ನಡಕ ಹಾಕಿ, ಗಂಟಲು ಸರಿ ಮಾಡಿಕೊಂಡು ಓದಿದ.

“ಇಂದಿನ ಸಂಚಿಕೆಯೊಂದ್ರಲ್ಲಿ ಅಕ್ಕಿ ಎಂದಿರುವುದನ್ನು ಅಕ್ಕಿ ಎಂದು ಓದಿಕೊಳ್ಳಬೇಕು.”

ಬೆಂಚಿನ ಮೂಲೆಯಿಂದ ಒಬ್ಬ ಕೇಳಿದ, “ಅದ್ಸರಿ, ಇನ್ನೇನಂತ ಓದ್ಕೊಳ್ಳಾದು?”

“ಇನ್ನೊಂದ್ಸಲ ಓದು ಸುಬ್ಬಣ್ಣ. ಮೊದ್ಲನೇದು ಅಕ್ಕಿ, ಎಲ್ಡನೇದು ಅಕ್ಕಿ” ಎಂದೆ. ನನ್ನ ಬಾಯಲ್ಲೂ ಅದೇ ಬಂತು.

ಸುಬ್ಬಣ್ಣ ಪಾಪ, ಬೆವರು ಒರೆಸಿಕೊಂಡು ಮತ್ತೆ ಓದಿದ. ಅದೇ. ಹಿಂದಿನದು ಇಂದಿನದಾಯಿತು, ಹಕ್ಕಿ ಅಕ್ಕಿಯಾಯಿತು. ಬೆಂಚು ನಗಲು ಶುರುವಾದದ್ದು ನಿಲ್ಲಲಿಲ್ಲ. ನಾನು ಪೇಪರು ಕಿತ್ತುಕೊಂಡು ಆ ಅಕ್ಷರ ತೋರಿಸಿದೆ. ಓದಲು ಬಾರದವರಿಗೆ ಅಕ್ಷರ ತೋರಿಸಿ ಏನು ಮಾಡುವುದು? “ಗೆರೆ ಒಂದೀಟು ಸೊಟ್ಟಗದೆ” ಎಂದಳು ನಿಂಗವ್ವ, ನನ್ನನ್ನು ಸಮಾಧಾನ ಮಾಡಲು.

ಆ ಪೇಪರನ್ನು ಮಡಿಸಿಕೊಂಡು ನಮ್ಮವರು ಶೇಕದಾರರ ಹತ್ತಿರ ಹೋದರು. ಅವರು ತಿರುಗಿಸಿ ಮುರುಗಿಸಿ ನೋಡಿದರು. “ಇದರಲ್ಲಿ ನಂಜಣ್ಣ ಅಂತ ಎಲ್ಲಿದೆ? ಹಂಪಾಪುರ ಅಂತ ಎಲ್ಲಿದೆ? ತಪ್ಪಾಯ್ತು ಅಂತಾದರೂ ಇದೆಯೇ? ಇದನ್ನ ಅಮಲ್ದಾರರ ಮುಂದಿಟ್ಟರೆ ನನ್ನನ್ನೇ ಹಕ್ಕಿ ಅಂದಾರು.”

ಹಸ್ತ ಮಳೆಗೆ ತಕ್ಕಡಿಗೆ ಬೇರೆಯವರು ಬಂದರು. ಸಮಿತಿಗೆ ಮೇಷ್ಟ್ರು ಇನ್ನೊಂದು ಕಾಗದ ಬರೆದರು. ಅದಕ್ಕೆ ಉತ್ತರ ಬಂತು: ತಿದ್ದುಪಡಿ ಪ್ರಕಟವಾಗಿದೆ, ವಿಷಯ ಮುಗಿದಿದೆ. ಯಾರಿಗೆ ಮುಗಿಯಿತೋ ನನಗೆ ತಿಳಿಯಲಿಲ್ಲ. ಆಮೇಲೆ ಕಂಟ್ರೋಲೇ ಎತ್ತಿಹೋಯಿತು, ಡಿಪೋ ಮುಚ್ಚಿತು. ತಪ್ಪು ತಿದ್ದಿಸಿಕೊಳ್ಳಲು ಜಾಗವೇ ಉಳಿಯಲಿಲ್ಲ. ಸ್ವಲ್ಪ ಕಾಲದ ಮೇಲೆ ಆ ಮೂವರಲ್ಲಿ ಒಬ್ಬರು ತೀರಿಕೊಂಡು ಅವರ ಜಾಗಕ್ಕೆ ಶ್ರೀಕಂಠಯ್ಯನವರನ್ನು ಆರಿಸಿಕೊಂಡರು ಎಂದು ಮೇಷ್ಟ್ರು ಹೇಳಿದರು. ಅನುಭವಸ್ಥರು ಬೇಕಿತ್ತೇನೋ.

ನಮ್ಮವರು ರಾವಂದೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ಹಾಕುವ ಕೆಲಸಕ್ಕೆ ಸೇರಿದರು. ಅಲ್ಲಿಯೂ ಅವರು ಅಕ್ಕಿ ನಂಜಣ್ಣನೇ. ಹಂಪಾಪುರದಲ್ಲಿ ಆ ಹೆಸರು ಹಿತ್ತಲಿನ ಗೂಡಿನಿಂದ ಬಂದದ್ದು, ರಾವಂದೂರಿಗೆ ಪೇಪರಿನಿಂದ ಬಂದದ್ದು. ಕೂಗುವವರ ಬಾಯಲ್ಲಿ ಒಂದೇ ಸದ್ದು. ಜಗಳ ಆಡೋಣವೆಂದರೆ ಯಾವುದಕ್ಕೆ ಆಡುವುದು? ಅವರು ಮತ್ತೆ ಗೌಜಲ ಸಾಕಲಿಲ್ಲ. ಖಾಲಿ ಗೂಡುಗಳನ್ನು ನಾನು ಒಲೆಗೆ ಹಾಕಿದೆ. ಒಣ ಬಿದಿರು, ಚೆನ್ನಾಗಿ ಉರಿಯಿತು.

ಮೊನ್ನೆ ಮೊನ್ನೆ ಮೊಮ್ಮಗಳು ಹೇಳುತ್ತಿದ್ದಳು, ಯಾವುದೋ ಪೇಪರು ಯಾರದೋ ಮನೆ ಹೆಣ್ಣಿನ ಬಗ್ಗೆ ಇಲ್ಲದ್ದು ಬರೆದಿತ್ತಂತೆ, ಅವರ ಮೇಲಿನ ಮಂಡಳಿ ವಿಷಾದ ಹೇಳಿದೆಯಂತೆ. “ಎಷ್ಟು ದಪ್ಪದ ಅಕ್ಷರದಾಗೆ ಯೇಳವ್ರೆ?” ಎಂದು ಕೇಳಿದೆ. ಅವಳು ಬೆರಳಿನ ತುದಿ ತೋರಿಸಿದಳು. ಮೊದಲು ಬರೆದದ್ದು ಎಷ್ಟು ದಪ್ಪ ಎಂದರೆ ಅಂಗೈ ತೋರಿಸಿದಳು.

ಪ್ರೆಸ್ಸಿನವನು ಪೆನ್ಸಿಲು ಹಿಡಿದು ಕಾಯುತ್ತಿದ್ದ. “ಏನಜ್ಜಿ, ಯಾವ ಅಕ್ಷರ?”

“ಆರೋದು ಕಣಪ್ಪ. ‘ಹ’ ಹಾಕು.”

ಬರೆದುಕೊಂಡ. ಸರಿ ಇದೆಯೇ ಎಂದು ಓದಿ ಹೇಳಿದ, “ಅಕ್ಕಿ ನಂಜಣ್ಣನವರ ಮೊಮ್ಮಗಳು.”

ನಾನು ಕಾಗದ ನೋಡಿದೆ. ‘ಹ’ ಇತ್ತು. ಹಂಪಾಪುರದಲ್ಲಿ ಇದನ್ನು ಯಾರಾದರೂ ಗಟ್ಟಿಯಾಗಿ ಓದಿಯೇ ಓದುತ್ತಾರೆ, ರಾವಂದೂರಿನ ನೆಂಟರ ಮನೆಯಲ್ಲೂ ಓದುತ್ತಾರೆ.

“ಚಿತ್ರದ ಅಚ್ಚು ಇದ್ಯೇನಪ್ಪ? ಆ ಎಸರಿನ ಪಕ್ಕದಾಗೆ ಒಂದು ಗೌಜ್ಲ ಹಾಕು.”

ಅವನು ಡ್ರಾಯರು ಎಳೆದು ಹುಡುಕಿದ. “ಗೌಜ್ಲ ಎಲ್ಲಿಂದ ತರ್ಲಿ ಅಜ್ಜಿ, ಮದುವೆ ಕಾರ್ಡ್‌ಗೆ ಹಾಕೋದು ಗಿಳಿ. ಬ್ಯಾರೆ ಇಲ್ಲ.”

“ಗಿಳಿನೇ ಹಾಕು” ಎಂದೆ. “ಮೂಟೆ ಅಲ್ಲ ಅಂತ ಕಂಡ್ರೆ ಸಾಕು.”